ಜ್ವರ ಬಂದರೆ ಮಾಫಿನಾ?

ನಮ್ಮ ‘ಅಜ್ಜಿಮನೆ’ ಗುಂಪಿನಲ್ಲಿ ದಿನಾ ಬರುವುದು ಗುಡ್ ಮಾರ್ನಿಂಗ್ ಹೂವು, ಏಕಾದಶಿ ಇವತ್ತೋ ನಾಳೆಯೋ ಎಂಬ ಗೊಂದಲ, ಮತ್ತೆ ರಾಘು ಅಣ್ಣನ ಕ್ರಿಕೆಟ್. ಕಳೆದ ಶನಿವಾರ ಮಾತ್ರ ಒಂದು ಹಳೇ ಕಾದಂಬರಿಗಾಗಿ ಮಧ್ಯಾಹ್ನದಿಂದ ರಾತ್ರಿವರೆಗೆ ಜಗಳ ನಡೆಯಿತು. ಸ್ಟಿಕ್ಕರ್, ಇಮೋಜಿ, ಊಟಕ್ಕೆ ಎದ್ದು ಹೋದವರ ‘ಬಂದೆ’ ಎಲ್ಲ ತೆಗೆದು ಇಲ್ಲಿ ಹಾಕಿದ್ದೇನೆ. ಎಲ್ಲರನ್ನೂ ಕೇಳಿಯೇ ಹಾಕಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ.

ಶ್ರೀಧರ ಮಾವ: (ಫೋಟೋ) ಹಾಸನದ ಮನೆ ಅಟ್ಟ ಖಾಲಿ ಮಾಡುವಾಗ ಸಿಕ್ಕಿತು. ರಟ್ಟು ಇಲ್ಲ. ಮೊದಲ ಎಂಟು ಪುಟವೂ ಇಲ್ಲ. ಬರೆದವರು ಯಾರೋ ತಿಳಿಯದು. ಬಾಡಿಗೆ ಲೈಬ್ರರಿಯ ಸೀಲ್ ಮಾತ್ರ ಇದೆ. ಅಂದರೆ ವಾಪಸ್ ಕೊಟ್ಟಿಲ್ಲ. ಕೊನೇ ಪುಟದಲ್ಲಿ ಓದಿದವರು ಪೆನ್ಸಿಲ್ ಹಿಡಿದು ಜಗಳ ಆಡಿದ್ದಾರೆ, ನೋಡಿ.

ಫೋಟೋದಲ್ಲಿ ‘ಮುಗಿಯಿತು’ ಎಂಬ ಅಚ್ಚಿನ ಕೆಳಗೆ ಮೂರು ಕೈಬರಹ ಇದ್ದವು. ಮೊದಲನೆಯದು ದುಂಡಗೆ: ‘ಇವಳು ಒಪ್ಪಬಾರದಿತ್ತು.’ ಅದರ ಕೆಳಗೆ ಕಾಗದ ತೂತಾಗುವ ಹಾಗೆ ಒತ್ತಿ ಬರೆದದ್ದು: ‘ನೀವು ಮದುವೆಯಾಗಿ ಸುಖವಾಗಿದ್ದೀರಿ, ಅದಕ್ಕೇ ಹೇಳುತ್ತೀರಿ.’ ಮೂಲೆಯಲ್ಲಿ ಓರೆಯಾಗಿ: ‘ಪುಸ್ತಕದಲ್ಲಿ ಬರೆಯಬೇಡಿ.’

ಲತಾ ಅತ್ತಿಗೆ: ಮೂರನೆಯವರನ್ನು ನಮ್ಮ ಗುಂಪಿಗೆ ಅಡ್ಮಿನ್ ಮಾಡಬೇಕಿತ್ತು.

ಸುಧಾ ಚಿಕ್ಕಮ್ಮ: ಕಥೆ ಏನು ಅಣ್ಣಾ? ಓದಿದ ಹಾಗಿದೆ.

ಶ್ರೀಧರ ಮಾವ: ಚುಟುಕಾಗಿ ಹೇಳುತ್ತೇನೆ. ಹುಡುಗಿ ಸ್ಕೂಲ್ ಟೀಚರ್. ಹುಡುಗ ಲೆಕ್ಚರರ್. ನಿಶ್ಚಿತಾರ್ಥ ಆಗಿದೆ. ಹುಡುಗನಿಗೆ ತಂಗಿ ಮದುವೆ ಮಾಡಬೇಕು, ಕೈಯಲ್ಲಿ ದುಡ್ಡಿಲ್ಲ. ಅಷ್ಟರಲ್ಲಿ ಭಾರಿ ವರದಕ್ಷಿಣೆ ಕೊಡುವ ಇನ್ನೊಂದು ಸಂಬಂಧ ಬಂತು. ಈ ಹುಡುಗಿಗೆ ಕಾಗದ ಬರೆಯುವುದನ್ನೇ ನಿಲ್ಲಿಸಿದ. ಬೇಡ ಅಂತಲೂ ಬರೆಯಲಿಲ್ಲ. ಕೊನೆಗೆ ಆ ಸಂಬಂಧವೂ ಕೂಡಿಬರಲಿಲ್ಲ. ಎರಡು ವರ್ಷ ಬಿಟ್ಟು ಮಳೆಯಲ್ಲಿ ನೆನೆದುಕೊಂಡು ಇವಳ ಮನೆಗೆ ಬರುತ್ತಾನೆ. ಅಳುತ್ತಾನೆ. ಜ್ವರ ಬರುತ್ತದೆ. ಇವಳು ಕಷಾಯ ಮಾಡಿ ಕೊಡುತ್ತಾಳೆ. ಮುಗಿಯಿತು.

ಸುಧಾ ಚಿಕ್ಕಮ್ಮ: ಎಷ್ಟು ಚೆನ್ನಾಗಿದೆ. ಅಂತೂ ಒಂದಾದರಲ್ಲ.

ನಾನು: ಚಿಕ್ಕಮ್ಮಾ! ಎರಡು ವರ್ಷ ಕಾಯಿಸಿದವನು. ಜ್ವರ ಬಂದರೆ ಮಾಫಿನಾ?

ರಾಘು ಅಣ್ಣ: ಒಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಬಹುದಿತ್ತು.

ಸುಧಾ ಚಿಕ್ಕಮ್ಮ: ತಪ್ಪು ಮಾಡದೆ ಇರುವ ಗಂಡಸು ಎಲ್ಲಿದ್ದಾನೆ ಹೇಳು. ತಪ್ಪೇ ಮಾಡದವನನ್ನು ಹೀರೋ ಮಾಡಿದರೆ ಕಥೆ ಹತ್ತನೇ ಪುಟಕ್ಕೆ ಮುಗಿಯುತ್ತದೆ. ಮಧ್ಯದಲ್ಲಿ ಎಷ್ಟು ಬೇಕಾದರೂ ಅಳಿಸಲಿ, ಕೊನೆಗೆ ನನ್ನನ್ನು ನಗಿಸಬೇಕು.

ನಾನು: ತಪ್ಪು ಮಾಡಿದ ಹೀರೋ ನನಗೂ ಇಷ್ಟವೇ. ನಾನು ಓದುವ ಇಂಗ್ಲಿಷ್ ರೊಮ್ಯಾನ್ಸ್‌ನಲ್ಲೂ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲ ಪುಟಕ್ಕೇ ಗೊತ್ತಿರುತ್ತದೆ. ಒಂದಾಗದಿದ್ದರೆ ಅದನ್ನು ರೊಮ್ಯಾನ್ಸ್ ಅಂತ ಓದುಗರು ಒಪ್ಪುವುದೇ ಇಲ್ಲ. ಆದರೆ ಅವರು ಇನ್ನೊಂದನ್ನೂ ಕೇಳುತ್ತಾರೆ. ತಪ್ಪು ಮಾಡಿದವನು ಚೆನ್ನಾಗಿ ಅಂಗಲಾಚಬೇಕು. ‘ಗ್ರಾವಲ್’ ಅಂತಲೇ ಕರೆಯುತ್ತಾರೆ ಆ ಸೀನನ್ನು. ತಪ್ಪು ದೊಡ್ಡದಾಗಿ ಗ್ರಾವಲ್ ಚಿಕ್ಕದಾದರೆ ಸ್ಟಾರ್ ಕಟ್!

ಶ್ರೀಧರ ಮಾವ: ಸರಿಯಾಗಿದೆ. ಅಸಲು ಕಟ್ಟದೆ ಬರೀ ಬಡ್ಡಿ ತಂದುಕೊಟ್ಟರೆ ನಾವೂ ಲೋನ್ ಕ್ಲೋಸ್ ಮಾಡುತ್ತಿರಲಿಲ್ಲ.

ರಾಘು ಅಣ್ಣ: ಮಾವ ರಿಟೈರ್ ಆದರೂ ಬ್ಯಾಂಕ್ ಮಾವನಿಂದ ರಿಟೈರ್ ಆಗಿಲ್ಲ.

ವಸಂತತ್ತೆ: ನಾನೂ ಒಂದು ಮಾತು ಹೇಳಲಾ? ಸಾರು ಒಲೆ ಮೇಲಿದೆ, ಬೇಗ ಹೇಳುತ್ತೇನೆ.

ವಸಂತತ್ತೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ‘ಬೇಗ’ ಅಂದರೆ ನಲವತ್ತು ನಿಮಿಷದ ಪೀರಿಯಡ್ ಅಂತ ನಮಗೆಲ್ಲ ಗೊತ್ತು.

ವಸಂತತ್ತೆ: ಹೀರೋನನ್ನು ಮಲಗಿಸಿ ಹೀರೋಯಿನ್ ಕೈಗೆ ಒಪ್ಪಿಸುವುದು ಹಳೇ ಉಪಾಯ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿ 1847ರಲ್ಲಿ ಬಂತು. ಅದರ ಹೀರೋ ರಾಚೆಸ್ಟರ್ ಕಟ್ಟಿಕೊಂಡ ಹೆಂಡತಿಯನ್ನು ಮನೆ ಮಹಡಿಯಲ್ಲಿ ಕೂಡಿಹಾಕಿ, ಅದನ್ನು ಮುಚ್ಚಿಟ್ಟು ಜೇನ್‌ಳನ್ನು ಮದುವೆಯಾಗಲು ಚರ್ಚಿನವರೆಗೂ ಕರೆದುಕೊಂಡು ಹೋಗುತ್ತಾನೆ. ಇದಕ್ಕಿಂತ ದೊಡ್ಡ ಮೋಸ ಬೇಕಾ? ಆದರೂ ಕೊನೆಗೆ ಅವಳು ಅವನನ್ನೇ ಮದುವೆಯಾಗುತ್ತಾಳೆ. ಓದುಗರು ಇವತ್ತಿಗೂ ಒಪ್ಪುತ್ತಾರೆ.

ಸುಧಾ ಚಿಕ್ಕಮ್ಮ: ನೋಡಿದಿರಾ, ಅತ್ತಿಗೆ ನನ್ನ ಕಡೆ.

ವಸಂತತ್ತೆ: ಪೂರ್ತಿ ಕೇಳು ಸುಧಾ. ಷಾರ್ಲೆಟ್ ಬ್ರಾಂಟೆ ಸುಮ್ನೆ ಒಪ್ಪಿಸಲಿಲ್ಲ. ಮೊದಲು ಅವನ ಮನೆಗೆ ಬೆಂಕಿ ಬೀಳುತ್ತದೆ. ಒಳಗಿದ್ದ ಹೆಂಡತಿಯನ್ನು ಉಳಿಸಲು ಹೋಗಿ ಒಂದು ಕೈ ಕಳೆದುಕೊಳ್ಳುತ್ತಾನೆ, ಕಣ್ಣೂ ಹೋಗುತ್ತದೆ. ಅದು ಅವನ ಲೆಕ್ಕ. ಇನ್ನು ಅವಳದು ನೋಡು. ಚಿಕ್ಕಪ್ಪನ 20,000 ಪೌಂಡ್ ಅವಳಿಗೆ ಬರುತ್ತದೆ. ಮೂವರು ಬಂಧುಗಳ ಜೊತೆ ಸಮ ಹಂಚಿಕೊಂಡು 5,000 ಇಟ್ಟುಕೊಳ್ಳುತ್ತಾಳೆ. ಮದುವೆಯಾಗು ಅಂತ ಬಂದ ಒಬ್ಬ ಪಾದ್ರಿಗೆ ಬೇಡ ಅಂದೂ ಆಗಿರುತ್ತದೆ. ಅಂದರೆ ಗತಿಯಿಲ್ಲದೆ ವಾಪಸ್ ಹೋದವಳಲ್ಲ ಅವಳು.

ಲತಾ ಅತ್ತಿಗೆ: ಅತ್ತೆ, ಇದು ಯಾವತ್ತೂ ಹೊಳೆದೇ ಇರಲಿಲ್ಲ. ಕೈಯಲ್ಲಿ ದುಡ್ಡಿದ್ದರೆ ಕ್ಷಮಿಸುವ ರೀತಿಯೇ ಬೇರೆ.

ಶ್ರೀಧರ ಮಾವ: ಹಾಗಾದರೆ ‘ಬೆಳ್ಳಿಮೋಡ’ ಇದರ ಉಲ್ಟಾ. ತ್ರಿವೇಣಿಯವರ ಕಥೆಗೆ ಪುಟ್ಟಣ್ಣ ಮಾಡಿದ ಸಿನಿಮಾ ನೆನಪಿದೆಯಾ? ಇಂದಿರಾಳ ಅಪ್ಪನ ದುಡ್ಡಿನಲ್ಲಿ ಮೋಹನ ಓದಲು ವಿದೇಶಕ್ಕೆ ಹೋಗುತ್ತಾನೆ. ಬಂದು ಅವಳನ್ನೇ ಮದುವೆಯಾಗಬೇಕು ಅಂತ ಮಾತು. ಅಷ್ಟರಲ್ಲಿ ಆ ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ. ಆಸ್ತಿ ಇಂದಿರಾಗೆ ಬರುವುದಿಲ್ಲ ಅಂತ ತಿಳಿದದ್ದೇ ತಡ, ಮೋಹನನಿಗೆ ಮದುವೆ ಬೇಡವಾಯ್ತು. ಆಮೇಲೆ ಏಟು ಬಿದ್ದು ಮಲಗಿದಾಗ ಆರೈಕೆ ಮಾಡಿದವಳು ಅದೇ ಇಂದಿರಾ. ಬುದ್ಧಿ ಬಂದು ಮದುವೆಯಾಗೋಣ ಅಂದ. ಇವಳು ಒಪ್ಪಲಿಲ್ಲ.

ವಸಂತತ್ತೆ: ಹೌದಲ್ವಾ? ಜೇನ್‌ಗೆ ಆಸ್ತಿ ಬಂತು, ಒಪ್ಪಿದಳು. ಇಂದಿರಾಗೆ ಆಸ್ತಿ ಹೋಯ್ತು, ಆದರೂ ಬೇಡ ಅಂದಳು. ಎರಡನೆಯದು ಜಾಸ್ತಿ ಕಷ್ಟ.

ಸುಧಾ ಚಿಕ್ಕಮ್ಮ: ಕಲ್ಪನಾ ಬೇಡ ಅಂದಾಗ ಚಪ್ಪಾಳೆ ತಟ್ಟಿದವರನ್ನು ನಾನೂ ನೋಡಿದ್ದೇನೆ. ಮನೆಗೆ ಹೋಗಿ ಮಗಳಿಗೆ ಅದನ್ನೇ ಹೇಳಿಕೊಡುತ್ತಿದ್ದರಾ? ಅಲ್ಲಿ ನೂರಾರು ಜನ ಮೆಚ್ಚಿದರು, ಮನೆಯಲ್ಲಿ ಇಂದಿರಾ ಒಬ್ಬಳೇ ಕೂತಳು.

ನಾನು: ಚಿಕ್ಕಮ್ಮ, ಒಬ್ಬಳೇ ಕೂತದ್ದು ಸೋಲು ಅಂತ ಯಾಕೆ ಅಂದುಕೊಳ್ಳಬೇಕು?

ಸುಧಾ ಚಿಕ್ಕಮ್ಮ: ನಿನಗೆ ಇಪ್ಪತ್ತಾರು ವರ್ಷ. ಸ್ವಂತ ಸಂಬಳ, ಸ್ವಂತ ಸ್ಕೂಟರ್. ನೀನು ಹಾಗೆ ಅನ್ನಬಹುದು.

ರಾಘು ಅಣ್ಣ: ‘ಮುಂಗಾರು ಮಳೆ’ ಬಗ್ಗೆ ಯಾರೂ ಯಾಕೆ ಮಾತಾಡುತ್ತಿಲ್ಲ? 2006. ಹೀರೋ ಮೋಸ ಮಾಡಲಿಲ್ಲ, ಹೀರೋಯಿನ್ ಮೋಸ ಮಾಡಲಿಲ್ಲ. ಆದರೂ ಒಂದಾಗಲಿಲ್ಲ. ಮೊಲ ಬೇರೆ ಸತ್ತಿತು. ಜನ ಅತ್ತರು, ಮತ್ತೆ ಟಿಕೆಟ್ ತಗೊಂಡರು. ಚಿಕ್ಕಮ್ಮನ ಥಿಯರಿ ಅಲ್ಲೇ ಫೇಲ್.

ಸುಧಾ ಚಿಕ್ಕಮ್ಮ: ನಾನು ಮತ್ತೆ ಟಿಕೆಟ್ ತಗೊಂಡಿಲ್ಲ.

ಅಷ್ಟು ಹೊತ್ತಿಗೆ ಮಾವ ಕನ್ನಡಕ ಹಾಕಿಕೊಂಡು ಪುಸ್ತಕದ ಕೊನೇ ಭಾಗವನ್ನು ಇನ್ನೊಂದು ಸಲ ಓದಿದ್ದರು.

ಶ್ರೀಧರ ಮಾವ: ಈಗ ತಪಾಸಣೆ ಮಾಡಿದೆ. ಪುಟ 187, ಬಾಗಿಲು ತಟ್ಟುತ್ತಾನೆ. ಪುಟ 188, ‘ಕ್ಷಮಿಸು’ ಅನ್ನುತ್ತಾನೆ. ಯಾತಕ್ಕೆ ಅಂತ ಹೇಳುವುದಿಲ್ಲ. ಪುಟ 189, ಕುಸಿದು ಬೀಳುತ್ತಾನೆ, ಹಣೆ ಸುಡುತ್ತಿದೆ. ಪುಟ 190, ಕಷಾಯ. ವರದಕ್ಷಿಣೆ ಸಂಬಂಧದ ವಿಷಯ ಅವಳಿಗೆ ಗೊತ್ತಾಗುವುದೇ ಇಲ್ಲ! ಓದುಗರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ನಾನು: ಅದೇ ನೋಡಿ ನನ್ನ ತಕರಾರು. ತಪ್ಪು ಮಾಡಲಿ. ಅವಳು ಒಪ್ಪಲಿ. ಆದರೆ ಏನು ಮಾಡಿದೆ ಅಂತ ಅವನು ಬಾಯಿಬಿಟ್ಟು ಹೇಳುವ ಒಂದು ಪುಟವನ್ನಾದರೂ ಬರೆಯಬೇಕಿತ್ತು. ಆ ಪುಟ ಬರೆಯುವುದು ಕಷ್ಟ. ಅದಕ್ಕೇ ಜ್ವರ ತರಿಸಿದ್ದಾರೆ. ಅವನು ಮಲಗಿದರೆ ಯಾರೂ ಏನೂ ಕೇಳುವ ಹಾಗಿಲ್ಲ.

ವಸಂತತ್ತೆ: ಇದು ಸರಿಯಾದ ಮಾತು. ರಾಚೆಸ್ಟರ್ ಆದರೂ ಹೆಂಡತಿಯನ್ನು ಎಲ್ಲರ ಮುಂದೆ ಕರೆದುಕೊಂಡು ಹೋಗಿ ತೋರಿಸುತ್ತಾನೆ. ಎಲ್ಲ ಕೇಳಿಯೇ ಜೇನ್ ಮನೆ ಬಿಟ್ಟು ಹೋಗುವುದು, ಎಲ್ಲ ಗೊತ್ತಿದ್ದೇ ವಾಪಸ್ ಬರುವುದು.

ಲತಾ ಅತ್ತಿಗೆ: ಅತ್ತೆ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ನಾಲ್ಕು ನಿಮಿಷ ಇದೆ. ಕೇಳಲು ಆಗದವರಿಗೆ ಸಾರಾಂಶ ಬರೆಯುತ್ತೇನೆ.

ಇಲ್ಲಿ ‘ಅತ್ತೆ’ ಅಂದರೆ ನನ್ನ ದೊಡ್ಡಮ್ಮ. ಟೈಪ್ ಮಾಡುವುದಿಲ್ಲ. ಎಲ್ಲರೂ ಒಂದು ರೌಂಡ್ ಮಾತಾಡಿ ಸುಸ್ತಾದ ಮೇಲೆ ಮೈಕ್ ಒತ್ತುತ್ತಾರೆ.

ಲತಾ ಅತ್ತಿಗೆ: ಮೊದಲ ಎರಡು ನಿಮಿಷ ಹಲಸಿನ ಹಪ್ಪಳದ ವಿಷಯ. ಆಮೇಲೆ ಹೀಗೆ: ‘ಆ ಮೊದಲನೇ ಅಕ್ಷರ ನಂದೇ ಕಣೋ ಶ್ರೀಧರ. ನಾನು ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ಓದಿದ ಪುಸ್ತಕ ಅದು. ಎರಡನೆಯದು ಯಾರದು ಅಂತ ಸುಧಾನ ಕೇಳು. ಅಷ್ಟು ಒತ್ತಿ ಬರೆಯುತ್ತಿದ್ದವಳು ಮನೆಯಲ್ಲಿ ಅವಳೊಬ್ಬಳೇ. ಅಮ್ಮ ಬೈಯುತ್ತಿದ್ದಳು, ಪೆನ್ಸಿಲ್ ಮೊನೆ ಮುರಿಯುತ್ತೆ ಅಂತ.’

ರಾಘು ಅಣ್ಣ: ಅಯ್ಯೋ!!

ನಾನು: ಚಿಕ್ಕಮ್ಮಾ???

‘ಸುಧಾ ಚಿಕ್ಕಮ್ಮ ಟೈಪ್ ಮಾಡುತ್ತಿದ್ದಾರೆ’ ಅಂತ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ಸುಧಾ ಚಿಕ್ಕಮ್ಮ: ಹೌದು, ನಾನೇ. ಅಕ್ಕನ ಜೊತೆ ಎದುರಿಗೆ ವಾದ ಮಾಡುವ ಹಾಗಿರಲಿಲ್ಲ. ಅದಕ್ಕೆ ‘ನೀವು’ ಅಂತ ಬರೆದೆ, ಬೇರೆ ಯಾರೋ ಬರೆದ ಹಾಗೆ. ಆ ವರ್ಷ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು ಹೋದರು. ಹುಡುಗ ಕೊಳಲು ಬಾರಿಸುತ್ತಾನೆ ಅಂದಿದ್ದರು. ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಅಂದರು. ಬರೆಯಲಿಲ್ಲ. ಅಪ್ಪ ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಜಗಲಿಯಲ್ಲಿ ಕೂರುತ್ತಿದ್ದರು. ಬೇಡ ಅಂತಲಾದರೂ ಒಂದು ಸಾಲು ಬರೆದಿದ್ದರೆ ಅಪ್ಪ ಒಳಗೆ ಬಂದು ಊಟ ಮಾಡುತ್ತಿದ್ದರು. ಆಗ ಈ ಪುಸ್ತಕ ಓದಿದೆ. ಕಾಗದ ಬರೆಯದೆ ಕೂತವನೊಬ್ಬ ಕೊನೆಗೆ ಮಳೆಯಲ್ಲಿ ನೆನೆದುಕೊಂಡು ಬಂದ. ನನಗೆ ಅಷ್ಟು ಸಾಕಿತ್ತು. ಕಾರಣಗೀರಣ ನನಗೆ ಬೇಕಿರಲಿಲ್ಲ, ಮೇಘನಾ. ಬಂದನಲ್ಲ, ಅಷ್ಟೇ.

ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. ರಾಘು ಅಣ್ಣ ಕೂಡ ಜೋಕ್ ಹೊಡೆಯಲಿಲ್ಲ. ಚಿಕ್ಕಮ್ಮ ಹೇಳಿದ್ದರಿಂದ ಆ ಪುಸ್ತಕದ ಕೊನೆ ಚೆನ್ನಾಗಿದೆ ಅಂತ ನನಗೆ ಈಗಲೂ ಅನ್ನಿಸಿಲ್ಲ. ನಾಲ್ಕು ಪುಟದಲ್ಲಿ ತೇಲಿಸಿದ್ದು ತೇಲಿಸಿದ್ದೇ. ಆದರೆ ಬರೆದವರಿಗೆ ಚಿಕ್ಕಮ್ಮನಂಥವರು ಓದುತ್ತಾರೆ ಅಂತ ಗೊತ್ತಿತ್ತೇನೋ. ನನ್ನಂಥವರಿಗೆ ಬೇಕಾದ ಪುಟ ಇದ್ದಿದ್ದರೆ ಅವರೇನು ಬೇಡ ಅನ್ನುತ್ತಿರಲಿಲ್ಲ ಅಲ್ವಾ?

ಶ್ರೀಧರ ಮಾವ: ಆ ಕೊಳಲಿನವನು ನನಗೆ ನೆನಪಿದ್ದಾನೆ. ಎರಡು ಸಲ ಕೇಸರಿಬಾತ್ ಹಾಕಿಸಿಕೊಂಡ.

ವಸಂತತ್ತೆ: ಓದುಗರು ಹಟ ಹಿಡಿದರೆ ಬರೆದವರೂ ಏನೂ ಮಾಡಲಾಗದು ಸುಧಾ. ಬರ್ನಾರ್ಡ್ ಷಾ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೀರೋಯಿನ್ ಎಲೈಜಾಳನ್ನು ಆ ಜೋರು ಬಾಯಿಯ ಪ್ರೊಫೆಸರ್ ಜೊತೆ ಸೇರಿಸಲೇ ಇಲ್ಲ. 1914ರಲ್ಲಿ ಲಂಡನ್ನಿನಲ್ಲಿ ಆಡಿದಾಗ ಪ್ರೊಫೆಸರ್ ಪಾತ್ರ ಮಾಡಿದ ನಟ, ಪರದೆ ಬೀಳುವ ಮುಂಚೆ ಅವಳ ಕಡೆ ಹೂವು ಎಸೆದುಬಿಟ್ಟ. ಜನಕ್ಕೆ ಖುಷಿ, ಷಾಗೆ ಉರಿ. ಆಮೇಲೆ ಪುಸ್ತಕಕ್ಕೆ ಉದ್ದದ ಮುಕ್ತಾಯದ ಮಾತು ಬರೆದು, ಅವಳು ತನ್ನನ್ನು ಪ್ರೀತಿಸುತ್ತಿದ್ದ ಫ್ರೆಡ್ಡಿಯನ್ನೇ ಮದುವೆಯಾದಳು ಅಂತ ಸಾರಿ ಹೇಳಿದ. ಯಾರು ಕೇಳಿದರು? ಇವತ್ತಿಗೂ ಜನ ಆ ಇಬ್ಬರನ್ನೇ ಜೋಡಿ ಮಾಡುತ್ತಾರೆ.

ನಾನು: ಒಂದು ಪ್ರಶ್ನೆ. ಕಾಗದ ನಿಲ್ಲಿಸಿದವಳು ಆ ಟೀಚರ್ ಆಗಿದ್ದಿದ್ದರೆ? ಸಾಹುಕಾರನ ಸಂಬಂಧ ಬಂತು ಅಂತ ಲೆಕ್ಚರರ್‌ನನ್ನು ಎರಡು ವರ್ಷ ಕಾಯಿಸಿ, ಆಮೇಲೆ ಮಳೆಯಲ್ಲಿ ನೆನೆದುಕೊಂಡು ಅವನ ಮನೆಗೆ ಬಂದಿದ್ದರೆ? ಆಗಲೂ ಒಂದಾಗಲಿ ಅನ್ನಿಸುತ್ತಿತ್ತಾ?

ರಾಘು ಅಣ್ಣ: ಈಗ ಬಂತು ಅಸಲಿ ಮ್ಯಾಚ್.

ಲತಾ ಅತ್ತಿಗೆ: ನಿಜ ಹೇಳಬೇಕೆಂದರೆ, ಆ ಕಾಲದಲ್ಲಿ ಅಂಥ ಕಾದಂಬರಿಯಲ್ಲಿ ಅವಳೇ ನ್ಯೂಮೋನಿಯಾ ಬಂದು ಸಾಯುತ್ತಿದ್ದಳು. ಅವನಿಗಾದರೆ ಕಷಾಯ, ಇವಳಿಗಾದರೆ ಚಟ್ಟ.

ದೊಡ್ಡಮ್ಮನ ಇನ್ನೊಂದು ವಾಯ್ಸ್ ಮೆಸೇಜ್ ಬಂತು. ಈ ಸಲ ಹಪ್ಪಳ ಇರಲಿಲ್ಲ. ನಾನೇ ಕೇಳಿ ಬರೆದೆ.

ದೊಡ್ಡಮ್ಮ (ವಾಯ್ಸ್): ‘ಶರಪಂಜರ’ ಅಂತ ಸಿನಿಮಾ ಬಂದಿತ್ತು. ಅಮ್ಮ ನನ್ನನ್ನು ಕರೆದುಕೊಂಡು ಹೋಗಿದ್ದಳು. ಆ ಕಾವೇರಿ ಮದುವೆಗೆ ಮುಂಚೆ ಯಾವಾಗಲೋ ಒಬ್ಬನ ಕೈಯಲ್ಲಿ ಮೋಸ ಹೋದದ್ದು, ಹೆರಿಗೆ ಆದ ಮೇಲೆ ಮನಸ್ಸಿನ ಕಾಯಿಲೆ ಬಂದಾಗ ಬಾಯಿಂದ ಹೊರಗೆ ಬರುತ್ತದೆ. ಕಾಯಿಲೆ ವಾಸಿಯಾದರೂ ಅವಳನ್ನು ಯಾರೂ ಮೊದಲಿನ ಹಾಗೆ ಸೇರಿಸಿಕೊಳ್ಳುವುದಿಲ್ಲ. ಗಂಡ ಮಾತ್ರ ಬೇರೆ ಹೆಂಗಸಿನ ಜೊತೆ ಆರಾಮಾಗಿ ಇರುತ್ತಾನೆ. ಅದನ್ನು ಯಾರೂ ಕಾಯಿಲೆ ಅನ್ನುವುದಿಲ್ಲ. ಆ ಕೊನೆ ನೋಡಿ ಅಮ್ಮ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಕೊನೆ ಸುಖವಾಗಿರಲಿ ಅಂತ ನನಗೂ ಆಸೆಯೇ ಕಣೆ ಸುಧಾ. ಆದರೆ ಗಂಡಸಿನ ತಪ್ಪಿಗೆ ಮಾತ್ರ ಆ ಸುಖ ಇಟ್ಟರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಅವತ್ತು ಒಪ್ಪಬಾರದಿತ್ತು ಅಂತ ಬರೆದದ್ದು. ಸುಖವಾಗಿದ್ದೆ ಅಂತ ಬರೆದದ್ದಲ್ಲ.

ಸುಧಾ ಚಿಕ್ಕಮ್ಮ: ಅಕ್ಕ, ಇದನ್ನು ಆಗಲೇ ಹೇಳಬಾರದಿತ್ತಾ?

ದೊಡ್ಡಮ್ಮ (ವಾಯ್ಸ್): ಹೇಳಲು ಕೆಳಗೆ ಜಾಗ ಇರಲಿಲ್ಲ. ಯಾರೋ ‘ಪುಸ್ತಕದಲ್ಲಿ ಬರೆಯಬೇಡಿ’ ಅಂತ ಬೇರೆ ಬರೆದಿದ್ದರು.

ಶ್ರೀಧರ ಮಾವ: ನಾನಲ್ಲ.

ವಸಂತತ್ತೆ: ನಿಮ್ಮ ‘ಡ’ ಹಾಗೇ ಇರುವುದು.

ಸುಧಾ ಚಿಕ್ಕಮ್ಮ: ಮೇಘನಾ, ನಿನ್ನ ಪ್ರಶ್ನೆಗೆ ಉತ್ತರ. ಅವಳು ಕಾಗದ ನಿಲ್ಲಿಸಿದ್ದಿದ್ದರೆ ಆಗ ನಾನು ಪುಸ್ತಕ ಅರ್ಧಕ್ಕೇ ಬಿಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ. ಈಗ ಓದುತ್ತೇನೇನೋ. ಅಂಥದ್ದು ಯಾವುದಾದರೂ ಇದ್ದರೆ ಕಳಿಸು. ತಪ್ಪು ಅವಳದ್ದೇ ಇರಲಿ, ನಿನ್ನ ಗ್ರಾವಲ್ಲೋ ಏನೋ ಅದನ್ನೂ ಅವಳೇ ಮಾಡಲಿ.

ನಾನು: ಇದೆ ಚಿಕ್ಕಮ್ಮ, ಇವತ್ತೇ ಕಳಿಸುತ್ತೇನೆ. ಮುನ್ನೂರ ಐವತ್ತು ಪುಟ. ಆದರೆ ಕೊನೆಗೆ ಏನಾಗುತ್ತದೆ ಅಂತ ಹೇಳುವುದಿಲ್ಲ.

ಸುಧಾ ಚಿಕ್ಕಮ್ಮ: ನೀನು ಹೇಳಬೇಕಾಗಿಲ್ಲ. ನಾನು ಯಾವ ಪುಸ್ತಕವಾದರೂ ಮೊದಲು ಕೊನೇ ಪುಟ ನೋಡಿಯೇ ಶುರು ಮಾಡುವುದು.