ಮಗಳಿಗೆ ಆಲಿಸ್ ಕತೆ ಹೇಳುತ್ತಿದ್ದೇನೆ. ನೀವು ಓದಿದಾಗ ಹೇಗನ್ನಿಸಿತ್ತು?

ಮಾಳಿಗೆ ಮನೆ, ರಾಯಚೂರು

ಎಲ್ಲರಿಗೂ ನಮಸ್ಕಾರ. ಲೂಯಿಸ್ ಕ್ಯಾರಲ್ ಬರೆದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಓದಿದವರು ಯಾರಾದರೂ ಇದ್ದೀರಾ? ನಿಮ್ಮ ಅಭಿಪ್ರಾಯ ಬೇಕಾಗಿದೆ.

ನಾನು ಇಲ್ಲಿನ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಗಳಿಗೆ 8 ವರ್ಷ, ಮೂರನೇ ಕ್ಲಾಸ್ ಮುಗಿದಿದೆ. ಈಗಿನ ಬಿಸಿಲಿಗೆ ರಾತ್ರಿ ಹತ್ತಾದರೂ ಮನೆಯ ಗೋಡೆ ಕಾದೇ ಇರುತ್ತದೆ. ಹಾಗಾಗಿ ಸಂಜೆ ಮಾಳಿಗೆ ಮೇಲೆ ನಾಲ್ಕು ಕೊಡ ನೀರು ಸುರಿದು, ಆರಿದ ಮೇಲೆ ಹಾಸಿಗೆ ಹಾಸುತ್ತೇವೆ. ಅತ್ತೆ ಮಂಚದ ಮೇಲೆ, ನಾನು ಮಗಳು ಚಾಪೆ ಮೇಲೆ. ಮೊಬೈಲ್ ಟಾರ್ಚ್ ಹಿಡಿದು ಇಂಗ್ಲಿಷ್ ಪುಸ್ತಕ ನೋಡುತ್ತಾ ಕನ್ನಡದಲ್ಲಿ ಕತೆ ಹೇಳುತ್ತೇನೆ. ದಿನಕ್ಕೆ ಒಂದು ಅಧ್ಯಾಯ. ಒಟ್ಟು 12 ಇವೆ, ಏಳನೆಯದಕ್ಕೆ ಬಂದು ನಿಂತಿದ್ದೇವೆ. ಅದೇ ಆ ಹುಚ್ಚು ಟೀ ಪಾರ್ಟಿ.

ನಿಂತಿದ್ದಕ್ಕೆ ಎರಡು ಕಾರಣ. ಒಂದು, ಮಗಳ ಟ್ಯೂಷನ್ ಟೀಚರ್ ಪುಸ್ತಕ ನೋಡಿ, ‘ಇದರಲ್ಲಿ ನೀತಿ ಏನಿದೆ? ತಲೆಬುಡ ಇಲ್ಲದ ಕತೆ. ಮಗು ಮಗ್ಗಿ ಬೇರೆ ತಪ್ಪು ಹೇಳ್ತಾ ಇದೆ’ ಅಂದರು. ಮಗ್ಗಿ ವಿಷಯ ನಿಜ. ಆಲಿಸ್ ಬಿಲದೊಳಗೆ ಬಿದ್ದ ಮೇಲೆ ತಾನು ತಾನೇ ಹೌದೋ ಅಲ್ಲವೋ ಅಂತ ನೋಡಿಕೊಳ್ಳಲು ಮಗ್ಗಿ ಹೇಳುತ್ತಾಳೆ. ನಾಲ್ಕೈದಲೆ 12, ನಾಲ್ಕಾರಲೆ 13 ಅನ್ನುತ್ತಾಳೆ. ನನ್ನ ಮಗಳು ಮೊದಲು ಸಿಟ್ಟಾದಳು. ಎದ್ದು ಕೂತು ‘ತಪ್ಪೈತಿ, ಇಪ್ಪತ್ತು ಆಗಬೇಕು’ ಅಂದಳು. ಮರುದಿನದಿಂದ ಅದೇ ಅವಳ ಹಾಡಾಗಿದೆ.

ಎರಡನೆಯದು, ಮಾತಿನ ಆಟಗಳು. ಇಂಗ್ಲಿಷಿನಲ್ಲಿ ನಗು ಬರುತ್ತದೆ, ಕನ್ನಡದಲ್ಲಿ ಹೇಳಿದರೆ ಸಪ್ಪೆ ಆಗುತ್ತದೆ. ಟೀ ಪಾರ್ಟಿಯಲ್ಲಿ ಟೋಪಿ ಮಾರುವವನು ಒಂದು ಒಗಟು ಕೇಳುತ್ತಾನೆ: ಕಾಗೆಗೂ ಬರೆಯುವ ಮೇಜಿಗೂ ಏನು ಹೋಲಿಕೆ ಅಂತ. ಉತ್ತರ ಅವನಿಗೂ ಗೊತ್ತಿಲ್ಲ! ಮಗಳು ಮೂರು ದಿನದಿಂದ ಉತ್ತರ ಕೇಳುತ್ತಿದ್ದಾಳೆ. ಅತ್ತೆ ಒಗಟು ಹೇಳುವುದರಲ್ಲಿ ಗಟ್ಟಿ. ಅವರೂ ‘ಉತ್ತರ ಇಲ್ಲದ್ದು ಒಗಟು ಹೆಂಗಾಗತೈತಿ’ ಅಂದುಬಿಟ್ಟರು.

ಆದರೆ ಇದನ್ನೂ ಹೇಳಬೇಕು. ಆಲಿಸ್ ತನ್ನ ಕಣ್ಣೀರಿನಲ್ಲೇ ಈಜುವ ಕಡೆ ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ‘ಅಮ್ಮಾ, ಎಷ್ಟು ಅತ್ರ ಒಂದು ಕೊಡ ತುಂಬತೈತಿ?’ ಅಂತ ಕೇಳಿದಳು. ಬೇರೆ ಯಾವ ಕತೆಗೂ ಅವಳು ಇಂಥ ಪ್ರಶ್ನೆ ಕೇಳಿದ್ದಿಲ್ಲ. ಅದಕ್ಕೇ ಬಿಡಲು ಮನಸ್ಸಿಲ್ಲ. ಮುಂದುವರಿಸಲಾ? ನೀವೆಲ್ಲ ಹೇಗೆ ಓದಿದಿರಿ?

ಚಾಕ್‌ಪೀಸ್, ಕೊಪ್ಪಳ

ತಂಗೀ, ಖಂಡಿತ ಮುಂದುವರಿಸು. ನಾನು ಕೊಪ್ಪಳ ತಾಲೂಕಿನಲ್ಲಿ 31 ವರ್ಷ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದೆ. ಶನಿವಾರ ಬೆಳಗಿನ ಶಾಲೆಯಲ್ಲಿ ಕೊನೆಯ ಅರ್ಧ ಗಂಟೆ ಈ ಕತೆಗೆ ಅಂತಲೇ ಇಟ್ಟಿದ್ದೆ.

ನೀತಿಯ ವಿಷಯಕ್ಕೆ ಉತ್ತರ ಪುಸ್ತಕದಲ್ಲೇ ಇದೆ. ಒಂಬತ್ತನೇ ಅಧ್ಯಾಯಕ್ಕೆ ಹೋಗು. ಅಲ್ಲಿ ಡಚೆಸ್ ಅನ್ನುವ ಹೆಂಗಸು ಆಲಿಸಳ ಹೆಗಲಿಗೆ ಗದ್ದ ಚುಚ್ಚಿಕೊಂಡು ನಡೆಯುತ್ತಾ, ಪ್ರತಿ ಮಾತಿಗೂ ಒಂದು ನೀತಿ ಹೇಳುತ್ತಾಳೆ. ಸಾಸಿವೆ ಕಂಡರೂ ನೀತಿ, ಹಕ್ಕಿ ಕಂಡರೂ ನೀತಿ. ಒಂದಕ್ಕೂ ಸಂಬಂಧ ಇರುವುದಿಲ್ಲ. ಇದಕ್ಕೆ ನೀತಿಯೇ ಇಲ್ಲವೇನೋ ಅಂತ ಆಲಿಸ್ ಮೆಲ್ಲಗೆ ಹೇಳಿದರೆ, ಹುಡುಕಿದರೆ ಎಲ್ಲದಕ್ಕೂ ನೀತಿ ಇದ್ದೇ ಇರುತ್ತದೆ ಅಂತ ಆಕೆ ಗದರುತ್ತಾಳೆ. ಆ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳ ಪುಸ್ತಕ ಅಂದರೆ ಹೆಚ್ಚಿನವು ಬುದ್ಧಿಮಾತೇ. ಈ ಲೇಖಕ ಮಗುವಿನ ಪಕ್ಕ ನಿಂತು ಬರೆದ. ನಾನು ಈ ಪುಸ್ತಕವನ್ನು ಇಷ್ಟಪಡುವುದೇ ಅದಕ್ಕೆ. ಪಂಚತಂತ್ರವೂ ಬೇಕು, ಅದನ್ನೂ ಹೇಳಿದ್ದೇನೆ. ಆದರೆ ಮಗುವಿಗೆ ಸುಮ್ನೆ ನಗಲು ಒಂದು ಕತೆ ಬೇಡವೇ?

ಮಾತಿನ ಆಟಕ್ಕೆ ಹೆದರಬೇಡ. ಇಂಗ್ಲಿಷಿನ ಆಟ ಬಿಟ್ಟು ನಮ್ಮ ಆಟ ಹಾಕಬೇಕು. ಇಲಿ ತನ್ನ ಕತೆ ಹೇಳುವ ಕಡೆ, ಅಲ್ಲಿ ಕತೆ ಅನ್ನುವುದಕ್ಕೂ ಬಾಲ ಅನ್ನುವುದಕ್ಕೂ ಒಂದೇ ಉಚ್ಚಾರ. ನಾನು ಇಲಿಯ ಬಾಯಲ್ಲಿ ‘ನನ್ನ ಬಾಲ್ಯದ ಕತೆ ಬಹಳ ಉದ್ದ, ಬಹಳ ದುಃಖದ್ದು’ ಅನ್ನಿಸುತ್ತಿದ್ದೆ. ಆಲಿಸ್ ಅದನ್ನು ‘ಬಾಲದ ಕತೆ’ ಅಂತ ಕೇಳಿಸಿಕೊಳ್ಳುತ್ತಾಳೆ. ಬಾಲ ಉದ್ದ ಇರೋದು ನಿಜ, ಅದಕ್ಕೆ ದುಃಖ ಯಾಕೆ ಅಂತ ಕೇಳುತ್ತಾಳೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಟೀ ಪಾರ್ಟಿಯಲ್ಲಿ ನಿದ್ದೆಗಣ್ಣಿನ ಇಲಿಮರಿ ಇನ್ನೊಂದು ಕತೆ ಹೇಳುತ್ತದಲ್ಲ, ಮೂವರು ಅಕ್ಕತಂಗಿಯರು ಪಾಕದ ಬಾವಿಯ ತಳದಲ್ಲಿ ಇರುತ್ತಾರೆ ಅಂತ? ಅವರು ಚಿತ್ರ ಬಿಡಿಸಲು ಕಲಿಯುತ್ತಿದ್ದರೋ ಬಾವಿಯಿಂದ ಪಾಕ ಸೇದಲು ಕಲಿಯುತ್ತಿದ್ದರೋ ಗೊತ್ತಾಗದ ಹಾಗೆ ಒಂದೇ ಇಂಗ್ಲಿಷ್ ಮಾತು ಇದೆ. ನಮಗೆ ‘ಎಳೆಯೋದು’ ಇದೆ. ‘ಅವರು ಎಳೆಯೋದು ಕಲೀತಿದ್ರು.’ ‘ಏನು, ರಂಗೋಲಿನಾ?’ ‘ಅಲ್ಲ, ಬೆಲ್ಲದ ಪಾಕ.’ ಹಗ್ಗವನ್ನೂ ಎಳೆಯುತ್ತೇವೆ, ರಂಗೋಲಿಯನ್ನೂ ಎಳೆಯುತ್ತೇವೆ. ಎಷ್ಟು ಚೆನ್ನಾಗಿ ಕೂಡುತ್ತದೆ ನೋಡು.

ಇನ್ನೊಂದು ನೆನಪು. ಕಿನ್ನಾಳದ ಹುಡುಗನೊಬ್ಬ ನನ್ನ ಕ್ಲಾಸಿನಲ್ಲಿದ್ದ. ಅವರ ಮನೆಯಲ್ಲಿ ಮರದ ಗೊಂಬೆ ಮಾಡುತ್ತಿದ್ದರು. ಬೆಕ್ಕು ಬಾಲದಿಂದ ಮಾಯವಾಗುತ್ತಾ ಬಂದು ಕೊನೆಗೆ ಬರೀ ನಗು ಉಳಿಯುವ ಕತೆ ಹೇಳಿದೆ. ಅವನು ಎದ್ದು ನಿಂತು, ‘ಸರ್, ನಮ್ಮ ಮನ್ಯಾಗ ಮೊದಲು ಗೊಂಬಿ ಮಾಡಿ ಕಟ್ಟಕಡೀಗೆ ಕಣ್ಣು ಬಾಯಿ ಬರೀತಾರ. ಈ ಬೆಕ್ಕಿಂದು ಉಲ್ಟಾ ಐತಿ’ ಅಂದ. ಆ ಬೆಕ್ಕಿನ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಎಲ್ಲೂ ಕೇಳಿಲ್ಲ.

ಕೌಲ್ ಬಜಾರ್ ಹುಡುಗ, ಬಳ್ಳಾರಿ

ನಾನು ಬೇರೆ ಅಭಿಪ್ರಾಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಕ್ಕಾ. ಹತ್ತು ವರ್ಷದವನಿದ್ದಾಗ ಶಾಲೆ ಲೈಬ್ರರಿಯಿಂದ ತಂದು ಓದಿದ್ದೆ. ನನಗೆ ಭಯ ಆಗಿತ್ತು. ಕೆಂಪು ಆಟೀನ್ ರಾಣಿ ಮಾತೆತ್ತಿದರೆ ‘ತಲೆ ಹಾರಿಸಿ’ ಅಂತಾಳೆ. ರಾತ್ರಿ ಲೈಟ್ ಆರಿಸೋಕೆ ಬಿಡ್ತಿರಲಿಲ್ಲ ನಾನು.

ಅದಕ್ಕಿಂತ ಜಾಸ್ತಿ ಬೇಸರ ಆಗಿದ್ದು ಬೇರೆ. ಆ ಹುಡುಗಿಗೆ ಅಲ್ಲಿ ಒಬ್ಬರೂ ಪ್ರೀತಿಯಿಂದ ಮಾತಾಡಲ್ಲ. ದಾರಿ ಕೇಳಿದರೆ ಎದುರು ಪ್ರಶ್ನೆ. ಟೀಗೆ ಕೂತರೆ ಜಾಗ ಇಲ್ಲ ಅಂತಾರೆ, ಮೇಜು ಅಷ್ಟು ದೊಡ್ಡದಿದ್ದರೂ. ಆಗಷ್ಟೇ ನಾವು ಊರು ಬದಲಿಸಿ ಬಳ್ಳಾರಿಗೆ ಬಂದಿದ್ವಿ. ಹೊಸ ಶಾಲೆಯಲ್ಲಿ ನನಗೂ ಬೆಂಚಿನಲ್ಲಿ ಜಾಗ ಇಲ್ಲ ಅಂದಿದ್ರು. ಅದನ್ನೇ ಪುಸ್ತಕದಲ್ಲಿ ಮತ್ತೆ ಓದೋದು ಯಾಕೆ ಅನ್ನಿಸ್ತು. ಕೊನೆಗೆ ಎಲ್ಲಾ ಕನಸು ಅಂತ ಮುಗಿಸಿಬಿಟ್ರು. ಅಷ್ಟು ಕಷ್ಟಪಟ್ಟಿದ್ದಕ್ಕೆ ಅವಳಿಗೆ ಏನೂ ಸಿಗಲಿಲ್ಲ. ನಮ್ಮ ಅಜ್ಜಿ ಕತೆಗಳಲ್ಲಿ ಕೊನೆಗೆ ಏನಾದರೂ ಸಿಗುತ್ತೆ. ಒಂದು ಹೊತ್ತಿನ ಹೋಳಿಗೆ ಊಟ ಆದ್ರೂ ಸಿಗುತ್ತೆ.

ಮಾಳಿಗೆ ಮನೆ, ರಾಯಚೂರು

ಸರ್, ‘ಎಳೆಯೋದು’ ನಿನ್ನೆ ರಾತ್ರಿಯೇ ಹೇಳಿದೆ. ಮಗಳಿಗಿಂತ ಮೊದಲು ಅತ್ತೆ ನಕ್ಕರು. ತುಂಬಾ ಥ್ಯಾಂಕ್ಸ್.

ತಮ್ಮಾ, ಬೆಂಚಿನ ಮಾತು ಓದಿ ಹೊಟ್ಟೆ ಚುರುಕ್ ಅಂತು. ನೀನು ಹೇಳಿದ್ದು ನನ್ನ ಮಗಳೂ ಹೇಳಿದ್ದಾಳೆ: ‘ಯಾರೂ ಆಕಿಗೆ ಸೀದಾ ಉತ್ತರ ಕೊಡವಲ್ರು’ ಅಂತ. ರಾಣಿಯ ಬಗ್ಗೆ ಮಾತ್ರ ಒಂದು ಹೇಳಲಾ? ಹೆದರಿಕೆ ಆದೀತು ಅಂತ ನಾನು ಮುಂದಿನ ಅಧ್ಯಾಯಗಳನ್ನು ಮೊದಲೇ ಓದಿಕೊಂಡೆ. ಅಲ್ಲಿ ಗ್ರಿಫನ್ ಅನ್ನುವ ರೆಕ್ಕೆಯ ಪ್ರಾಣಿ ನಗುತ್ತಾ, ಅದೆಲ್ಲ ರಾಣಿಯ ಕಲ್ಪನೆ, ಯಾರ ತಲೆಯನ್ನೂ ತೆಗೆಯುವುದಿಲ್ಲ ಅಂತ ಆಲಿಸ್‌ಗೆ ಹೇಳುತ್ತದೆ. ರಾಜನೂ ಹಿಂದಿನಿಂದ ಎಲ್ಲರಿಗೂ ಸದ್ದಿಲ್ಲದೆ ಮಾಫಿ ಕೊಟ್ಟುಬಿಡುತ್ತಾನೆ. ಹತ್ತು ವರ್ಷದ ನಿನಗೆ ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಿದ್ದರೆ ಆ ಸಾಲು ಕಿವಿಗೆ ಬೀಳುತ್ತಿತ್ತೇನೋ. ಒಬ್ಬನೇ ಓದಿದಾಗ ಕೂಗುವ ರಾಣಿ ಒಬ್ಬಳೇ ನೆನಪಲ್ಲಿ ಉಳಿಯುತ್ತಾಳೆ.

ಕನಸು ಅಂತ ಮುಗಿಸಿದ್ದು ನನಗೂ ಸರಿ ಕಂಡಿಲ್ಲ. ಅಲ್ಲಿಗೆ ಬಂದಾಗ ಮಗಳು ಏನಂತಾಳೋ ನೋಡಬೇಕು.

ನೈಟ್ ಶಿಫ್ಟ್, ಶಕ್ತಿನಗರ

ಅಕ್ಕಾ, ಮಗ್ಗಿಯ ಬಗ್ಗೆ ಮಗಳಿಗೆ ಇದನ್ನು ಹೇಳಿ. ಲೂಯಿಸ್ ಕ್ಯಾರಲ್ ಅನ್ನೋದು ಬರಹಕ್ಕೆ ಇಟ್ಟುಕೊಂಡ ಹೆಸರು. ನಿಜವಾದ ಹೆಸರು ಚಾರ್ಲ್ಸ್ ಡಾಡ್ಜ್‌ಸನ್. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ನಾಲ್ಕೈದಲೆ 12, ನಾಲ್ಕಾರಲೆ 13 ಅಂತ ಹೀಗೇ ಒಂದೊಂದೇ ಹೆಚ್ಚಿಸುತ್ತಾ ಹೋಗಿ. ಅವರ ಮಗ್ಗಿ ಹನ್ನೆರಡಕ್ಕೆ ನಿಲ್ಲುತ್ತದೆ, ನಮ್ಮ ಹಾಗೆ ಹತ್ತಕ್ಕಲ್ಲ. ಆಗ ನಾಲ್ಕು ಹನ್ನೆರಡಲೆ 19 ಆಗುತ್ತದೆ. ಈ ಲೆಕ್ಕದಲ್ಲಿ 20 ಮುಟ್ಟೋಕೇ ಆಗಲ್ಲ ಅಂತ ಆಲಿಸ್ ಅಳುತ್ತಾಳಲ್ಲ, ಅದು ಸರಿಯಾಗಿಯೇ ಇದೆ! ಮಗಳ ಕೈಯಲ್ಲೇ ಪೆನ್ಸಿಲ್ ಕೊಟ್ಟು ಬರೆಸಿ. ನಾನು ಇದನ್ನು ಪ್ಲಾಂಟ್ ಕ್ಯಾಂಟೀನಿನಲ್ಲಿ ಬಿಲ್ಲಿನ ಹಿಂದೆ ಬರೆದು ನೋಡಿದವನು. ಅವತ್ತಿನ ಖುಷಿ ಇನ್ನೂ ನೆನಪಿದೆ.

ಕಾಗೆ ಒಗಟಿಗೆ ಉತ್ತರ ಇಟ್ಟುಕೊಂಡು ಅವನು ಬರೆದಿರಲಿಲ್ಲ. ಜನ ಕೇಳಿ ಕೇಳಿ, 1896ರಲ್ಲಿ ಒಂದು ಮುನ್ನುಡಿಯಲ್ಲಿ ಉತ್ತರ ಕೊಟ್ಟ, ಮೊದಲು ಇದಕ್ಕೆ ಉತ್ತರವೇ ಇರಲಿಲ್ಲ ಅಂತ ಒಪ್ಪಿಕೊಂಡ. ಪುಸ್ತಕ ಬಂದಿದ್ದು 1865ರಲ್ಲಿ. ಅಂದರೆ 31 ವರ್ಷ ಕಾಯಿಸಿದ. ನಿಮ್ಮತ್ತೆಯವರೇ ಒಂದು ಉತ್ತರ ಕಟ್ಟಲಿ.

ಆ ಮೂವರು ಅಕ್ಕತಂಗಿಯರು ಸುಮ್ನೆ ಬಂದವರಲ್ಲ. 1862ರ ಜುಲೈ 4ರಂದು ಡಾಡ್ಜ್‌ಸನ್ ಮತ್ತು ಅವನ ಗೆಳೆಯ ಡಕ್‌ವರ್ತ್ ಮೂವರು ಹುಡುಗಿಯರನ್ನು ಥೇಮ್ಸ್ ನದಿಯಲ್ಲಿ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದರು. ಲೊರೀನಾ, ಆಲಿಸ್, ಈಡಿತ್ ಲಿಡೆಲ್. ಹುಟ್ಟು ಹಾಕುತ್ತಾ ಹಾಕುತ್ತಾ ಅಲ್ಲೇ ಕಟ್ಟಿ ಹೇಳಿದ ಕತೆ ಇದು. ನಡುವಿನವಳು ಆಲಿಸ್, ಆಗ 10 ವರ್ಷ. ಬರೆದುಕೊಡಿ ಅಂತ ಹಟ ಹಿಡಿದಳು. ಅವನು ಕೈಯಲ್ಲೇ ಬರೆದು, ತಾನೇ ಚಿತ್ರ ಹಾಕಿ, 1864ರ ನವೆಂಬರಿನಲ್ಲಿ ಕೊಟ್ಟ. ಆ ಕೈಬರಹದ ಪುಸ್ತಕದಲ್ಲಿ ನಗುವ ಬೆಕ್ಕೂ ಇಲ್ಲ, ಟೀ ಪಾರ್ಟಿಯೂ ಇಲ್ಲ. ಅಚ್ಚಿಗೆ ಹೋಗುವಾಗ ಸೇರಿಸಿದ್ದು. ಅಚ್ಚಾದ ಪುಸ್ತಕಕ್ಕೆ ಚಿತ್ರ ಬರೆದವನು ಜಾನ್ ಟೆನಿಯಲ್. ಮೊದಲ 2000 ಪ್ರತಿಗಳಲ್ಲಿ ಚಿತ್ರ ಸರಿ ಮೂಡಿಲ್ಲ ಅಂತ ಅವನು ಒಪ್ಪಲಿಲ್ಲ. ಅಷ್ಟನ್ನೂ ಹಿಂದಕ್ಕೆ ತೆಗೆದುಕೊಂಡು ಮತ್ತೆ ಅಚ್ಚು ಹಾಕಿಸಿದರು.

ಕನ್ನಡದಲ್ಲಿ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಇದೆ. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ. ‘ಅನರ್ಥಕೋಶ’ ಬರೆದವರು ಅವರು. ಮಾತನ್ನು ತಿರುಚಿ ನಗಿಸೋದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಆಲಿಸ್‌ಗೆ ಪಾಪಚ್ಚಿ ಅಂತ ಹೆಸರಿಟ್ಟಿದ್ದರಲ್ಲೇ ಎಷ್ಟು ಮುದ್ದಿದೆ ಅಲ್ವಾ?

ಚಾಕ್‌ಪೀಸ್, ಕೊಪ್ಪಳ

ಬಳ್ಳಾರಿ ತಮ್ಮನ ಮಾತು ನನ್ನ ತಲೆಯಿಂದ ಹೋಗಿಲ್ಲ. ನಾನು ಇದನ್ನು ಯಾವಾಗಲೂ ನಗುವ ಕತೆಯಾಗಿಯೇ ಹೇಳಿದೆ. ಶಾಲೆಗೆ ಹೊಸದಾಗಿ ಬಂದ ಮಕ್ಕಳು ಹಿಂದೆ ಕೂತು ಹೇಗೆ ಕೇಳಿದರೋ, ನಾನು ಕೇಳಲೇ ಇಲ್ಲ. ಆದರೂ ತಮ್ಮಾ, ಆಲಿಸ್‌ಗೆ ಏನೂ ಸಿಗಲಿಲ್ಲ ಅನ್ನಬೇಡ. ಮೊದಲು ಪ್ರತಿಯೊಬ್ಬರಿಗೂ ಹೆದರಿ ಕ್ಷಮೆ ಕೇಳುವ ಹುಡುಗಿ ಕೊನೆಗೆ ಕೋರ್ಟಿನಲ್ಲಿ ನಿಂತು, ನೀವೆಲ್ಲ ಬರೀ ಇಸ್ಪೀಟ್ ಎಲೆಗಳು ಅಂತ ರಾಣಿಯ ಮುಖಕ್ಕೇ ಹೇಳುತ್ತಾಳೆ. ನನಗೆ ಅದು ಹೋಳಿಗೆ ಊಟಕ್ಕಿಂತ ದೊಡ್ಡದು.

ಕೌಲ್ ಬಜಾರ್ ಹುಡುಗ, ಬಳ್ಳಾರಿ

ಹೌದು ಸರ್, ಆ ಜಾಗ ಮರೆತೇ ಹೋಗಿತ್ತು. ಮತ್ತೊಮ್ಮೆ ಓದ್ತೀನಿ. ಕನಸಿನ ವಿಷಯದಲ್ಲಿ ಮಾತ್ರ ನಾನು ಮೊದಲು ಹೇಳಿದ್ದೇ ಈಗಲೂ.

ಮಾಳಿಗೆ ಮನೆ, ರಾಯಚೂರು

ಮೊನ್ನೆ ರಾತ್ರಿ ಮುಗಿಸಿದೆವು. ಮಗ್ಗಿಯನ್ನು ಮಗಳೇ ಬರೆದಳು, 19ಕ್ಕೆ ಬಂದು ನಿಂತಾಗ ‘ಪಾಪ’ ಅಂದಳು. ಅದೇ ಹಾಳೆಯ ಇನ್ನೊಂದು ಬದಿಗೆ ಸರಿಯಾದ ಮಗ್ಗಿ ಬರೆದು ಟ್ಯೂಷನ್ನಿಗೆ ಎರಡನ್ನೂ ತೋರಿಸಲು ಒಯ್ದಿದ್ದಳು.

ಕನಸು ಅಂದಾಗ ಅವಳು ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಆಗಿದ್ದು ಅತ್ತೆಗೆ. ‘ಹಂಗಾರ ಆ ಇಲಿಮರಿ ಎಲ್ಲಿಗೆ ಹೋತು?’ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆಲಿಸ್ ಎದ್ದು ಅಕ್ಕನಿಗೆ ಎಲ್ಲ ಹೇಳಿ ಮನೆಗೆ ಓಡುತ್ತಾಳೆ, ಅಕ್ಕ ಅಲ್ಲೇ ಕೂತು ಅದೇ ಕನಸು ಕಾಣುತ್ತಾಳೆ ಅಂತ ಉಳಿದ ಪುಟ ಓದಿದೆ. ಅತ್ತೆ ಹೂಂ ಅಂದು ಮಗ್ಗುಲಾದರು.

ನಿನ್ನೆ ನಾನು ಪಾತ್ರೆ ತೊಳೆದು ಮೇಲೆ ಬರುವಷ್ಟರಲ್ಲಿ ಮಗಳು ಪಕ್ಕದ ಮಾಳಿಗೆಯ ಹುಡುಗಿಗೆ ಗೋಡೆಯ ಮೇಲಿಂದ ಕತೆ ಹೇಳುತ್ತಿದ್ದಳು. ಪಾಕದ ಬಾವಿಯ ಹತ್ತಿರ ಬಂದಿದ್ದಳು. ‘ನಾಕು ಮಂದಿ ಅಕ್ಕತಂಗೇರು ಇದ್ರು’ ಅಂದಳು. ಮೂವರಲ್ವಾ ಅಂತ ನಾನು ಕೇಳಿದೆ. ಹಿಂದೆ ತಿರುಗಿಯೂ ನೋಡದೆ ‘ನಾಕನೇದಾಕಿ ನಾನು’ ಅಂದು ಕತೆ ಮುಂದುವರಿಸಿದಳು.