ತೊಗರಿ ರಾಶಿ ಮುಗಿದ ಮೇಲೆ ಮಂಗಳೂರು: ಅವ್ವನಿಗೆ ಸಮುದ್ರ ತೋರಿಸಬೇಕು

ಆಳಂದ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಹೊಲದಲ್ಲಿ ತೊಗರಿ ರಾಶಿ ಆದ ಮೇಲೆ, ಫೆಬ್ರುವರಿ ಮೊದಲ ವಾರ, ಅಂಗಡಿಗೆ ಬೀಗ ಹಾಕಿ ಮಂಗಳೂರಿಗೆ ಹೋಗಬೇಕೆಂದಿದ್ದೇನೆ. ಅವ್ವನಿಗೆ 71 ವರ್ಷ. ಸಮುದ್ರವನ್ನು ಟಿವಿಯಲ್ಲಿ ಬಿಟ್ಟರೆ ನೋಡಿಲ್ಲ. ಮಂಡಿ ನೋವು ಇದೆ. ಪಕ್ಕಾ ಸಸ್ಯಾಹಾರಿ, ದಿನಕ್ಕೆ ಎರಡು ಹೊತ್ತು ರೊಟ್ಟಿ ಬೇಕೇ ಬೇಕು. ಎಂಟನೇ ತರಗತಿಯ ಮಗನಿಗೆ ಮೀನು ಬೇಕಂತೆ. ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ. ಅವನು ಗೆಳೆಯರ ಮನೆಯಲ್ಲಿ ಕಲಿತಿದ್ದಾನೆ, ನಾನು ಗೊತ್ತಿಲ್ಲದವನಂತೆ ಇದ್ದೇನೆ. ಇವರಿಬ್ಬರನ್ನೂ ಒಂದೇ ಊರಿನಲ್ಲಿ ಮೂರು ದಿನ ಹೇಗೆ ಸಂಭಾಳಿಸುವುದು? ಅವ್ವ ಕುಳಿತು ನೋಡುವಂಥ ಬೀಚ್ ಯಾವುದು? ರೂಮನ್ನು ಕಡಲ ಹತ್ತಿರ ಮಾಡಬೇಕೋ, ಊರೊಳಗೋ?

ನಿವೃತ್ತ ಬ್ಯಾಂಕಿನವ, ಶಹಾಪುರ

ಮೊದಲು ರೊಟ್ಟಿಯ ವಿಚಾರ ಮುಗಿಸುತ್ತೇನೆ, ನಾನು ಪೆಟ್ಟು ತಿಂದದ್ದು ಅಲ್ಲಿಯೇ. ಮಂಗಳೂರು ಶಾಖೆಗೆ ವರ್ಗವಾಗಿ ಹೋದ ಮೊದಲ ವಾರ, ಹೋಟೆಲೊಂದರ ಫಲಕದಲ್ಲಿ ‘ಕೋರಿ ರೊಟ್ಟಿ’ ಎಂದು ಓದಿ, ಇಲ್ಲಿಯೂ ನಮ್ಮವರು ಇದ್ದಾರಲ್ಲ ಎಂದು ಹಿಗ್ಗಿ ಒಳಗೆ ಹೋದೆ. ತಟ್ಟೆಗೆ ಬಂದದ್ದು ಮುಟ್ಟಿದರೆ ಪುಡಿಯಾಗುವ ಅಕ್ಕಿಯ ಹಪ್ಪಳ, ಅದರ ಮೇಲೆ ತೆಂಗಿನಕಾಯಿ ಅರೆದು ಹಾಕಿದ ಕೋಳಿ ಸಾರು. ತುಳುವಿನಲ್ಲಿ ಕೋರಿ ಎಂದರೆ ಕೋಳಿ ಎಂದು ಆಮೇಲೆ ತಿಳಿಯಿತು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವನು ನಾನು. ತುತ್ತು ಮುರಿಯದೆ ಹಣ ಕೊಟ್ಟು ಎದ್ದು ಬಂದೆ.

ಆದ್ದರಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಉಳಿದದ್ದಕ್ಕೆ ಚಿಂತೆ ಬೇಡ. ನೀರುದೋಸೆ ಹಲ್ಲಿಲ್ಲದವರಿಗೂ ಆಗುತ್ತದೆ. ಬಾಳೆಹಣ್ಣು ಹಾಕಿ ನಾದಿದ ಹಿಟ್ಟಿನ ಬನ್ಸ್ ನಮ್ಮ ಪೂರಿಯ ಸಿಹಿ ತಂಗಿ. ಸಂಜೆಗೆ ಗೋಳಿಬಜೆ, ಅಂದರೆ ಮೈದಾ ಹಿಟ್ಟಿನ ಮೆತ್ತನೆಯ ಬೋಂಡಾ. ಊಟಕ್ಕೆ ಕುಳಿತಾಗ ಮಾತ್ರ ‘ಬೆಳ್ತಿಗೆ’ (ಬಿಳಿ ಅಕ್ಕಿಯ) ಅನ್ನ ಎಂದು ಕೇಳಿ. ಕೇಳದಿದ್ದರೆ ಕುಚ್ಚಲಕ್ಕಿಯ ದಪ್ಪ ಅನ್ನ ಬಡಿಸಬಹುದು, ಅವ್ವ ಅದನ್ನು ಬೇಯದ ಅನ್ನ ಎಂದು ತಿರುಗಿಸಿ ಕಳಿಸುತ್ತಾರೆ.

ಹೋಗುವುದಕ್ಕೆ ಸೊಲ್ಲಾಪುರ–ಹಾಸನ ರೈಲು ಒಳ್ಳೆಯದು. ಕಲಬುರಗಿಯಲ್ಲಿ ರಾತ್ರಿ ಹತ್ತಿದರೆ ಮರುದಿನ ಹಾಸನ. ಅಲ್ಲಿಂದ ಬಸ್ಸಿನಲ್ಲಿ ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು. ಬೆಂಗಳೂರಿನ ಮೇಲೆ ಹೋಗುವುದಾದರೆ ಅಲ್ಲಿಂದ ಹಗಲಿನ ರೈಲು ಹಿಡಿಯಿರಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ 57 ಸುರಂಗಗಳಿವೆ, ಮಗ ಎಣಿಸಲಿ. ಇಳಿಯುವಾಗ ನೋಡಿ: ಮಂಗಳೂರು ಜಂಕ್ಷನ್ ಬೇರೆ, ಸೆಂಟ್ರಲ್ ಬೇರೆ.

ಕದ್ರಿಯ ಮಂಜುನಾಥ ದೇವಸ್ಥಾನವನ್ನು ತಪ್ಪಿಸಬೇಡಿ. ಅಲ್ಲಿ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಸನ್ನತಿ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ‘ರಾಯ ಅಸೋಕ’ ಎಂದು ಬರೆದ ಶಿಲ್ಪವನ್ನು ಕಂಡ ನಮ್ಮ ಕಡೆಯವರು ಇದನ್ನು ಸುಮ್ಮನೆ ಕೈಮುಗಿದು ದಾಟಬಾರದು. ಬೌದ್ಧ ಮೂರ್ತಿ ಶಿವಾಲಯದೊಳಗೆ ಕುಳಿತಿದೆ. ನಾನು ನಾಲ್ಕು ವರ್ಷ ಪ್ರತಿ ಸೋಮವಾರ ಹೋಗಿ ನೋಡಿದೆ.

ಸೆಕೆಯ ಬಗ್ಗೆ ಒಂದು ಮಾತು. ನಮ್ಮ 42 ಡಿಗ್ರಿಯ ಬಿಸಿಲನ್ನು ತಡೆದವರು ಅಲ್ಲಿನ 33ಕ್ಕೆ ಸೋಲುತ್ತಾರೆ, ಬೆವರು ಆರುವುದೇ ಇಲ್ಲ. ಮಧ್ಯಾಹ್ನ ಹೊರಗೆ ಹೋಗದೆ ಫ್ಯಾನ್ ಕೆಳಗೆ ಮಲಗಿ.

ಕಡಲೂರಿನ ಮಗಳು, ಬೀದರಿನ ಸೊಸೆ

ಸರ್, ಕೋರಿ ರೊಟ್ಟಿಯನ್ನು ಹಪ್ಪಳ ಎಂದಿರಿ, ಸಹಿಸಿಕೊಂಡೆ. ಮದುವೆಯಾಗಿ ಬೀದರಿಗೆ ಬಂದ ಹೊಸತರಲ್ಲಿ ಜೋಳದ ರೊಟ್ಟಿಯ ಗಂಟಲು ಹಿಡಿಯುವ ಒಣ ತುಂಡನ್ನು ಹಿಡಿದು ನಾನೂ ಅತ್ತದ್ದುಂಟು.

ನನ್ನ ತವರು ಸುರತ್ಕಲ್. ಬೀಚ್ ವಿಷಯ ನನಗೆ ಬಿಡಿ. ಪಣಂಬೂರಿನಲ್ಲಿ ಅಂಗಡಿ, ಜನ, ಗದ್ದಲ ಎಲ್ಲ ಇದೆ. ಮಗನಿಗೆ ಅದೇ ಇಷ್ಟವಾದೀತು. ಭಾನುವಾರ ಸಂಜೆ ಮಾತ್ರ ಹೋಗಬೇಡಿ. ಅವ್ವನವರಿಗೆ ತಣ್ಣೀರುಬಾವಿ. ಮರಗಳ ನೆರಳಿದೆ, ಸದ್ದು ಕಡಿಮೆ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿಯೂ ಹೋಗಬಹುದು, ಆದರೆ ಮಂಡಿ ನೋವಿನವರು ದೋಣಿ ಹತ್ತಿ ಇಳಿಯುವುದು ಕಷ್ಟ, ರಸ್ತೆಯಲ್ಲಿಯೇ ಆಟೋ ಮಾಡಿ. ಒಂದು ಪ್ಲಾಸ್ಟಿಕ್ ಮಡಚುವ ಕುರ್ಚಿ ಒಯ್ಯಿರಿ. ಮರಳಿನಲ್ಲಿ ಕುಳಿತರೆ ಅವರನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತದೆ. ನನ್ನ ಅತ್ತೆಯವರನ್ನು ಕರೆದೊಯ್ದು ಕಲಿತ ಪಾಠ ಇದು. ಸೋಮೇಶ್ವರದ ಬಂಡೆಗಳ ಮೇಲೆ ನಿಂತು ನೋಡುವುದು ಚಂದ, ಆದರೆ ಅಲ್ಲಿ ಮಗನನ್ನು ನೀರಿಗೆ ಇಳಿಸಲೇಬೇಡಿ.

ಮೀನಿಗೆ ಹೊಸಬನಾದರೆ ಅಂಜಲ್ ಕೇಳಿ. ದಪ್ಪ ತುಂಡು, ನಡುವಿನ ಒಂದು ಮುಳ್ಳು ತೆಗೆದರೆ ಮುಗಿಯಿತು. ಬಂಗುಡೆಗೆ ರುಚಿ ಹೆಚ್ಚು, ಮುಳ್ಳೂ ಹೆಚ್ಚು. ಅವನು ಧೈರ್ಯವಂತನಾದರೆ ಹುಳಿ-ಖಾರದ ಬಂಗುಡೆ ಪುಳಿಮುಂಚಿ ತಿನ್ನಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಫೆಬ್ರುವರಿಯಲ್ಲಿ ಆ ತೊಂದರೆ ಇಲ್ಲ. ಊಟದ ಹೊತ್ತಿಗೆ ಮನೆಯವರು ಎರಡು ಪಾಲಾಗಿ ಬೇರೆ ಬೇರೆ ಹೋಟೆಲಿಗೆ ಹೋಗಿ, ಆಮೇಲೆ ಗಡ್‌ಬಡ್ ಐಸ್‌ಕ್ರೀಮಿಗೆ ಪಬ್ಬಾಸ್‌ನಲ್ಲಿ ಒಟ್ಟು ಸೇರಿ. ಆ ಎತ್ತರದ ಲೋಟದಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ ಎಲ್ಲ ಇರುತ್ತದೆ. ಅಲ್ಲಿ ಯಾರಿಗೂ ಜಗಳವಿಲ್ಲ.

ಯಾದಗಿರಿ ಪ್ರವಾಸಿ

ರೂಮಿನ ಬಗ್ಗೆ ಯಾರೂ ಹೇಳಲಿಲ್ಲ. ‘ಕಡಲು ಕಾಣುವ ಕೋಣೆ’ ಎಂಬ ಜಾಹೀರಾತು ನಂಬಿ ನಾವು ಮುಂಗಡ ಕೊಟ್ಟಿದ್ದೆವು. ಕಡಲು ಕಂಡದ್ದು ನಿಜ, ಚಾವಣಿಯ ನೀರಿನ ಟ್ಯಾಂಕ್ ಪಕ್ಕ ತುದಿಗಾಲಲ್ಲಿ ನಿಂತಾಗ. ಹಂಪನಕಟ್ಟೆಯ ಸುತ್ತ ರೂಮು ಮಾಡಿ. ಸೆಂಟ್ರಲ್ ನಿಲ್ದಾಣ ಹತ್ತಿರ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣವೂ ಹತ್ತಿರ, ಸಸ್ಯಾಹಾರಿ ಹೋಟೆಲುಗಳು ನಡೆಯುವ ದೂರದಲ್ಲಿವೆ. ಲಿಫ್ಟ್ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳಿ, ಕೆಲಸ ಮಾಡುತ್ತಿದೆಯೇ ಎಂದೂ ಕೇಳಿ.

ಆಳಂದ ರಸ್ತೆ, ಕಲಬುರಗಿ

ಎಲ್ಲರಿಗೂ ಶರಣು. ಹಾಸನದ ರೈಲಿಗೆ ನಾಲ್ಕು ಟಿಕೆಟ್ ಆಗಿವೆ, ಅವ್ವನಿಗೆ ಕೆಳಗಿನ ಬರ್ತ್ ಸಿಕ್ಕಿದೆ. ಅಕ್ಕನವರೇ, ಕುರ್ಚಿಯನ್ನು ಇಲ್ಲಿಂದ ಹೊರಬೇಕೋ, ಅಲ್ಲಿ ಕೊಳ್ಳಬಹುದೋ ತಿಳಿಸಿ. ಅವ್ವನಿಗೆ ಸುದ್ದಿ ಹೇಳಿದೆ. ನಮ್ಮ ಕಲಬುರಗಿಯ ಅಪ್ಪನ ಕೆರೆಗಿಂತ ಎಷ್ಟು ಪಟ್ಟು ದೊಡ್ಡದು ಎಂದು ಕೇಳಿದಳು. ಆಚೆ ದಂಡೆ ಕಾಣುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ರೊಟ್ಟಿ ಹೆಚ್ಚು ಬಡಿಯಬೇಕು ಎಂದು ಒಳಗೆ ಹೋದಳು.