ಸ್ಕೂಬಾ ಸಾಮಾನು: ಯಾವುದು ಸ್ವಂತ, ಯಾವುದು ಬಾಡಿಗೆ?

ಪ್ರಶ್ನೆ: ಸಿಲಿಂಡರ್ ಹೊತ್ತು ನೀರೊಳಗೆ ಈಜುವ ಸ್ಕೂಬಾದ ಮೊದಲ ಹಂತ, ಓಪನ್ ವಾಟರ್ ಕೋರ್ಸ್ ಈಗಷ್ಟೇ ಮುಗೀತು. ವರ್ಷಕ್ಕೆ ಎಂಟು ಹತ್ತು ಡೈವ್ ಮಾಡುವ ಆಸೆ. ಎಲ್ಲ ಬಾಡಿಗೆಗೆ ತಗೊಂಡರೆ ನಡೆಯುತ್ತಾ, ಸ್ವಂತ ಅಂತ ಏನಾದರೂ ಇರಲೇಬೇಕಾ? ದೂರದೃಷ್ಟಿ ಮಂದ, ಕನ್ನಡಕ ಬೇರೆ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

—

ಮಾಸ್ಕ್ ಒಂದು ಸ್ವಂತ ಇರಲಿ ಸರ್, ಉಳಿದದ್ದಕ್ಕೆ ಆತುರ ಬೇಡ. ಬಾಡಿಗೆ ಮಾಸ್ಕ್‌ನಲ್ಲಿ ನನಗೆ ಮೀಸೆ ಹತ್ತಿರ ನೀರು ಜಿನುಗುತ್ತಿತ್ತು. ಸೋರುತ್ತಿದೆಯಲ್ಲ ಅಂತ ಪಟ್ಟಿ ಬಿಗಿ ಮಾಡಿದೆ, ಇನ್ನೂ ಜೋರಾಯಿತು. ಬಿಗಿದಷ್ಟೂ ಸಿಲಿಕೋನ್ ಅಂಚು ಸೊಟ್ಟಗಾಗುತ್ತದೆ ಅನ್ನೋದು ಆಮೇಲೆ ಗೊತ್ತಾಯಿತು. ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಲ್ಲಿ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಉಸಿರು ಹಿಡಿದಷ್ಟು ಹೊತ್ತು ಬೀಳದೆ ನಿಂತರೆ ಅದು ನಿಮ್ಮ ಮುಖದ್ದು. ಬ್ರ್ಯಾಂಡು, ಬಣ್ಣ ಎಲ್ಲ ಆಮೇಲಿನ ಮಾತು.

ಇನ್ನೊಂದು: ಹೊಸ ಮಾಸ್ಕ್‌ನ ಗಾಜಿನ ಒಳಮೈಗೆ ತಯಾರಿಕೆಯಲ್ಲಿ ಕೂತ ತೆಳು ಪೊರೆ ಇರುತ್ತದೆ, ಅದರಿಂದ ಗಾಜಿಗೆ ಮಂಜು ಕಟ್ಟುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ತೊಳೆಯಿರಿ. ನಾನು ತೊಳೆಯದೆ ಇಳಿದು, ಒಂದಿಡೀ ಡೈವ್ ಮಂಜಿನೊಳಗೇ ಕಳೆದೆ. ಬೇರೆಯವರು ಆಮೆ ನೋಡಿದರಂತೆ.

—

ನಾನೂ ಕನ್ನಡಕದವಳೇ. ಪವರ್ ಇರುವ ಗಾಜು ಕೂರಿಸಬಹುದಾದ ಮಾಸ್ಕ್ ಸಿಗುತ್ತದೆ, ಎಡ ಬಲ ಬೇರೆ ಬೇರೆ ಪವರ್ ಇದ್ದರೂ ಸರಿ. ಎರಡು ಗಾಜಿನ ಮಾಸ್ಕ್ ಕೇಳಿ, ಒಂದೇ ಗಾಜಿನದಕ್ಕೆ ಈ ಅನುಕೂಲ ಸಾಮಾನ್ಯವಾಗಿ ಇರಲ್ಲ. ನೀರಿನೊಳಗೆ ಎಲ್ಲ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ಕನ್ನಡಕ ಯಾಕೆ ಅಂತ ಕೆಲವರು ಹೇಳ್ತಾರೆ. ನಂಬಿ ಇಳಿದು, ಗಾಳಿ ಎಷ್ಟು ಉಳಿದಿದೆ ಅಂತ ತೋರಿಸುವ ಗೇಜಿನ ಮುಳ್ಳನ್ನೇ ತಡಕಾಡಿದ್ದೇನೆ.

—

ಸ್ವಂತ ಇರಬೇಕಾದ ಎರಡನೇದು ಡೈವ್ ಕಂಪ್ಯೂಟರ್, ಇನ್ನೆಷ್ಟು ನಿಮಿಷ ಕೆಳಗಿರಬಹುದು ಅಂತ ಹೇಳುವ ಕೈಗಡಿಯಾರದಂಥದ್ದು. ಇದನ್ನು ಯಾರೂ ಒತ್ತಿ ಹೇಳಲ್ಲ. ನಿಮ್ಮ ಮೈಯಲ್ಲಿ ನಿನ್ನೆಯ ಡೈವ್‌ನಿಂದ ಉಳಿದ, ಹೆಚ್ಚಾದರೆ ಅಪಾಯವಾಗುವ ನೈಟ್ರೋಜನ್ ಲೆಕ್ಕ ಅದರಲ್ಲಿರುತ್ತದೆ. ಒಂದು ಪ್ರವಾಸದಲ್ಲಿ ಎರಡನೇ ದಿನ ನನಗೆ ಬೇರೆ ಕಂಪ್ಯೂಟರ್ ಕಟ್ಟಿದರು. ನಾನು ಹಿಂದಿನ ದಿನ ಮೂರು ಸಲ ಇಳಿದಿದ್ದು ಅದಕ್ಕೇನು ಗೊತ್ತು? ತಾಜಾ ಮನುಷ್ಯ ಅಂದುಕೊಂಡು ಧಾರಾಳವಾಗಿ ನಿಮಿಷ ಕೊಡುತ್ತಿತ್ತು. ಬಾಡಿಗೆಗೆ ತಗೊಂಡರೂ ಪ್ರವಾಸ ಮುಗಿಯುವವರೆಗೆ ಅದೇ ಒಂದನ್ನು ಬಿಡಬೇಡಿ.

—

ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಸ್ವಂತ ಇರಲಿ, ಉಸಿರಿನ ವಿಷಯ ಅದು. ನನ್ನದು ಇಷ್ಟೇ.

—

ಮೇಲಿನವರ ಮಾತು ನಾನೂ ನಂಬಿ ಕೊಂಡವನು. ವರ್ಷಕ್ಕೆ ಹತ್ತು ಡೈವ್‌ಗೆ ಬೇಡ ಗುರುವೇ. ಕಪಾಟಿನಲ್ಲಿ ಸುಮ್ಮನೆ ಕೂತರೂ ಗಡುವಿಗೆ ಸರಿಯಾಗಿ ಸರ್ವಿಸ್ ಆಗಬೇಕು, ಮಾದರಿ ನೋಡಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಮೇಲಾಗಿ ನನ್ನದೇ ದಡ್ಡತನ: ಡೈವ್ ಮುಗಿದ ಮೇಲೆ ಡಸ್ಟ್ ಕ್ಯಾಪ್ ಅನ್ನೋ ಮುಚ್ಚಳ ಹಾಕದೆ ಫಸ್ಟ್ ಸ್ಟೇಜನ್ನು, ಅಂದರೆ ರೆಗ್ಯುಲೇಟರಿನಲ್ಲಿ ಸಿಲಿಂಡರಿಗೆ ಕೂರುವ ಭಾಗವನ್ನು, ಬಕೆಟ್‌ನಲ್ಲಿ ಅದ್ದಿದೆ. ಒಳಗೆ ನೀರು ಹೊಕ್ಕಿ, ಪೂರ್ತಿ ಬಿಚ್ಚಿಸಬೇಕಾಯಿತು. ಸಿಲಿಂಡರಂತೂ ಕೇಳಲೇಬೇಡಿ. ಹೊರೋದು, ತುಂಬಿಸೋದು, ಒತ್ತಡದ ಪರೀಕ್ಷೆ ಮಾಡಿಸೋದು, ಯಾರಿಗೆ ಬೇಕು?

ಬಾಡಿಗೆ ಸೆಟ್ ಕೈಗೆ ಬಂದಾಗ ನಾನು ಮಾಡೋದು ಹೇಳ್ತೀನಿ. ಸಿಲಿಂಡರ್ ತೆರೆದು, ಗೇಜಿನ ಮೇಲೇ ಕಣ್ಣಿಟ್ಟು ನಾಲ್ಕು ಸಲ ಉಸಿರೆಳೆಯಿರಿ. ಎಳೆದಾಗಲೆಲ್ಲ ಮುಳ್ಳು ಕುಸಿದು ಮೇಲೇಳುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಗಾಳಿಗೆ ಎಣ್ಣೆ ವಾಸನೆ ಇದ್ದರೆ ಸಿಲಿಂಡರ್ ಬದಲಿಸಿ, ಸಂಕೋಚ ಬೇಡ. ಮೌತ್‌ಪೀಸ್ ಕಚ್ಚಿ ಹರಿದಿದೆಯಾ, ಅದರ ಟೈ ಬಿಗಿಯಾಗಿದೆಯಾ ನೋಡಿ. ಬಿಸಿಡಿ, ಅಂದರೆ ಗಾಳಿ ತುಂಬಿ ತೇಲುವಿಕೆ ಹಿಡಿತದಲ್ಲಿಡುವ ಜಾಕೆಟ್ಟನ್ನು, ಬಿರಿಯುವಷ್ಟು ಊದಿ ಐದು ನಿಮಿಷ ಬಿಟ್ಟು ಬನ್ನಿ, ಮೆತ್ತಗಾಗಿದ್ದರೆ ವಾಪಸ್ಸು ಕೊಡಿ.

—

ವೆಟ್‌ಸೂಟ್, ಅಂದರೆ ಮೈ ಬೆಚ್ಚಗಿಡುವ ರಬ್ಬರ್ ಉಡುಪಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಬೆಚ್ಚನೆ ನೀರಿಗೆ 3 ಮಿಲಿಮೀಟರ್ ಸಾಕು, ತಣ್ಣಗಿದ್ದರೆ 5 ಅಥವಾ 7. ಸಡಿಲವಾಗಿದ್ದರೆ ಎಷ್ಟು ದಪ್ಪ ಇದ್ದೂ ಪ್ರಯೋಜನ ಇಲ್ಲ, ತಣ್ಣೀರು ಒಳಗೆ ಓಡಾಡುತ್ತಲೇ ಇರುತ್ತದೆ. ಬಾಡಿಗೆ ಸೂಟಿನೊಳಗೆ ಹಿಂದಿನವರು ಏನು ಮಾಡಿರುತ್ತಾರೆ ಅನ್ನೋದು ಡೈವ್ ಮಾಡುವವರಿಗೆಲ್ಲ ಗೊತ್ತು. ಅದೊಂದೇ ಕಾರಣಕ್ಕೆ ನಾನು ಸ್ವಂತದ್ದು ಕೊಂಡೆ.

—

ಪ್ರಶ್ನೆ ಕೇಳಿದವನು: ಎಲ್ಲರಿಗೂ ಧನ್ಯವಾದ. ಪವರ್ ಗಾಜಿನ ಮಾಸ್ಕ್ ಮೊದಲು, ದುಡ್ಡು ಕೂಡಿದಾಗ ಕಂಪ್ಯೂಟರ್. ಅಂದಹಾಗೆ ಟೂತ್‌ಪೇಸ್ಟ್ ಯಾವುದಾದರೂ ಆಗುತ್ತಾ?

—

ಮಾಮೂಲಿ ಬಿಳಿ ಪೇಸ್ಟ್ ಸಾಕು, ಜೆಲ್ ಬೇಡ. ಒಳಗೆ ಮಂಜು ಕಟ್ಟದ ಲೇಪನ ಇದೆ ಅಂತ ಡಬ್ಬಿ ಮೇಲೆ ಬರೆದಿದ್ದರೆ ಮಾತ್ರ ತಿಕ್ಕಬೇಡಿ, ಕಿತ್ತು ಬರುತ್ತದೆ.